ಕಾಡುಬೆಟ್ಟದ ಓಟ: ಇಳಿಯುವುದನ್ನು ಕಲಿಯುವುದು ಹೇಗೆ?

ಪ್ರಶ್ನೆ:

ನನಗೆ 38 ವರ್ಷ. ಮೂರು ವರ್ಷಗಳಿಂದ ಸಮತಟ್ಟಾದ ರಸ್ತೆಯಲ್ಲಿ ಓಡುತ್ತಿದ್ದೇನೆ, 10 ಕಿ.ಮೀ. ದೂರಕ್ಕೆ 56 ನಿಮಿಷ ಹಿಡಿಯುತ್ತದೆ. ಇನ್ನು ನಾಲ್ಕು ತಿಂಗಳಿಗೆ ಕಾಡುಬೆಟ್ಟವೊಂದರಲ್ಲಿ ನಡೆಯಲಿರುವ 25 ಕಿ.ಮೀ. ಟ್ರೇಲ್ ಓಟಕ್ಕೆ ಹೆಸರು ನೋಂದಾಯಿಸಿದ್ದೇನೆ. ಅದರಲ್ಲಿ ಒಟ್ಟು 1,200 ಮೀಟರ್ ಏರು, ಅಷ್ಟೇ ಇಳಿಜಾರು ಇದೆ. ಅಭ್ಯಾಸಕ್ಕೆಂದು ಕಳೆದ ವಾರ ಅಂಥದೇ ಹಾದಿಯಲ್ಲಿ 14 ಕಿ.ಮೀ. ಓಡಿದೆ. ಹತ್ತುವಾಗ ಏದುಸಿರು ಬಂದರೂ ತೊಂದರೆಯಾಗಲಿಲ್ಲ. ಇಳಿಯುವಾಗ ಎರಡು ಸಲ ಜಾರಿ ಬಿದ್ದೆ. ಮರುದಿನದಿಂದ ಎರಡೂ ತೊಡೆಗಳು ಎಷ್ಟು ನೊಂದವೆಂದರೆ ನಾಲ್ಕು ದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಯಿತು. ನನ್ನ ಮೊಣಕಾಲಿಗೆ ಏಟಾಗಿದೆಯೇ? ಬೆಟ್ಟ ಹತ್ತುವ ಅಭ್ಯಾಸವನ್ನು ಹೆಚ್ಚಿಸಬೇಕೇ? ಮೆತ್ತನೆಯ ದಪ್ಪ ಅಟ್ಟೆಯ ಶೂ ಕೊಂಡರೆ ಸರಿಹೋಗುತ್ತದೆಯೇ? ಅಭ್ಯಾಸಕ್ಕೆ ಒಬ್ಬನೇ ಹೋಗಬಹುದೇ?

ಉತ್ತರ:

ಮೊದಲು ನೋವಿನ ವಿಷಯ. ನೀವು ವಿವರಿಸಿರುವುದು ಮೊಣಕಾಲಿನ ಕೀಲಿಗೆ ಆದ ಏಟಿನ ಲಕ್ಷಣವಲ್ಲ, ತೊಡೆಯ ಮುಂಭಾಗದ ಸ್ನಾಯುಗಳು ಅಭ್ಯಾಸವಿಲ್ಲದ ಕೆಲಸವನ್ನು ಒಮ್ಮೆಲೇ ಮಾಡಿದ್ದರ ಲಕ್ಷಣ. ಇಂಥ ನೋವು ಓಡಿದ ದಿನ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ. 24ರಿಂದ 72 ಗಂಟೆಗಳ ನಡುವೆ ಉಲ್ಬಣಿಸಿ, ಸಾಮಾನ್ಯವಾಗಿ ವಾರದೊಳಗೆ ತಾನಾಗಿಯೇ ಇಳಿದುಹೋಗುತ್ತದೆ. ಎರಡೂ ಕಾಲುಗಳಲ್ಲಿ ಹೆಚ್ಚುಕಡಿಮೆ ಸಮನಾಗಿರುವುದು, ಒತ್ತಿದರೆ ಇಡೀ ಸ್ನಾಯುವೇ ನೋಯುವುದು, ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಬರುವುದು ಇದರ ಗುರುತುಗಳು. ಇದಕ್ಕೆ ಬದಲಾಗಿ ನೋವು ಒಂದೇ ಕಾಲಿನಲ್ಲಿದ್ದು, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ಚುಚ್ಚಿದಂತಾದರೆ, ಮೊಣಕಾಲು ಊದಿಕೊಂಡರೆ, ಮಡಚುವಾಗ ಸಿಕ್ಕಿಹಾಕಿಕೊಂಡಂತಾದರೆ, ಅಥವಾ ಪ್ರತಿ ಸಲ ಇಳಿಯುವಾಗಲೂ ಮೊಣಕಾಲಿನ ಹೊರಬದಿಯಲ್ಲಿ ನೋವು ಮರುಕಳಿಸಿದರೆ ವೈದ್ಯರಿಗೆ ತೋರಿಸಬೇಕು. ದೀರ್ಘ ಇಳಿಜಾರಿನ ನಂತರ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಒಂದು ದಿನವೂ ಕಾಯಬಾರದು. ಅದು ಸ್ನಾಯುವಿನ ಅಂಶಗಳು ರಕ್ತಕ್ಕೆ ಸೇರಿ ಮೂತ್ರಪಿಂಡದ ಮೇಲೆ ಹೊರೆ ಬೀಳುತ್ತಿರುವುದರ ಸೂಚನೆಯಾಗಿರಬಹುದು. ಇದೇ ಕಾರಣಕ್ಕೆ, ಓಟದ ನಡುವೆ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯನ್ನು ನುಂಗಿ ಮುಂದುವರಿಯುವ ಅಭ್ಯಾಸವನ್ನು ದಯವಿಟ್ಟು ಮಾಡಿಕೊಳ್ಳಬೇಡಿ. ಬೆವರಿ ಬತ್ತಿದ ದೇಹದಲ್ಲಿ ಆ ಮಾತ್ರೆ ಮೂತ್ರಪಿಂಡಕ್ಕೆ ಇನ್ನಷ್ಟು ತೊಂದರೆ ಕೊಡುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಬಹುಶಃ ನೀವು ನಿರೀಕ್ಷಿಸಿದ್ದಲ್ಲ. ಹತ್ತುವ ಅಭ್ಯಾಸಕ್ಕಿಂತ ಇಳಿಯುವ ಅಭ್ಯಾಸ ನಿಮಗೆ ಹೆಚ್ಚು ಬೇಕಾಗಿದೆ. ರಸ್ತೆಯ ಮೂರು ವರ್ಷಗಳ ಓಟ ನಿಮ್ಮ ಹೃದಯ ಮತ್ತು ಶ್ವಾಸಕೋಶಗಳನ್ನು ಸಾಕಷ್ಟು ಪಳಗಿಸಿದೆ. ಏರಿನಲ್ಲಿ ನೀವು ತಡೆದುಕೊಂಡದ್ದೇ ಅದಕ್ಕೆ ಸಾಕ್ಷಿ. ಆದರೆ ಇಳಿಜಾರಿನಲ್ಲಿ ಸ್ನಾಯು ಮಾಡುವ ಕೆಲಸದ ಬಗೆಯೇ ಬೇರೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು, ದೇಹ ಕುಸಿಯದಂತೆ ಬಿಗಿಹಿಡಿದುಕೊಂಡೇ ಉದ್ದವಾಗುತ್ತಾ ಹೋಗಬೇಕು. ತುಂಬಿದ ಕೊಡವನ್ನು ಹಗ್ಗ ಕಟ್ಟಿ ಮೇಲಿನಿಂದ ಮೆಲ್ಲಗೆ ಇಳಿಬಿಡುವವರ ಅಂಗೈಯನ್ನು ನೆನೆಸಿಕೊಳ್ಳಿ: ಹಗ್ಗ ಜಾರುತ್ತಲೇ ಇರುತ್ತದೆ, ಹಿಡಿತವೂ ಸಡಿಲಬಾರದು, ಉರಿಯುವುದು ಅಂಗೈ. ನಿಮ್ಮ ತೊಡೆಯೊಳಗಿನ ಸೂಕ್ಷ್ಮ ಎಳೆಗಳಿಗೆ ಆದದ್ದು ಅಂಥದೇ ಸವೆತ.

ಇಲ್ಲಿ ಒಂದು ಮೋಸವಿದೆ, ಅದನ್ನು ಸ್ಪಷ್ಟವಾಗಿ ಅರ್ಥಮಾಡಿಕೊಳ್ಳಬೇಕು. ಇಟಲಿಯ ಶರೀರಶಾಸ್ತ್ರಜ್ಞ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಸಮತಟ್ಟಿನಲ್ಲಿ ಓಡುವಾಗ ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ, ಪ್ರತಿ ಮೀಟರಿಗೆ ಸುಮಾರು 3.4 ಜೂಲ್ ಶಕ್ತಿ ವ್ಯಯವಾದರೆ, ಶೇಕಡಾ 20ರ ಇಳಿಜಾರಿನಲ್ಲಿ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಇಳಿಯುವಾಗ ಉಸಿರು ಹಗುರವಾಗುತ್ತದೆ, ಹೃದಯದ ಬಡಿತ ತಗ್ಗುತ್ತದೆ, ಇನ್ನೂ ಜೋರಾಗಿ ಹೋಗಬಹುದು ಎಂದು ಮನಸ್ಸು ಹೇಳುತ್ತದೆ. ಅದೇ ಹೊತ್ತಿನಲ್ಲಿ ಕಾಲಿನ ಲೆಕ್ಕ ಬೇರೆಯೇ ಇರುತ್ತದೆ. ಗಾಟ್‌ಶಾಲ್ ಮತ್ತು ಕ್ರಾಮ್ ಎಂಬ ಸಂಶೋಧಕರು 2005ರಲ್ಲಿ ತೋರಿಸಿದಂತೆ, 9 ಡಿಗ್ರಿ ಇಳಿಜಾರಿನಲ್ಲಿ ಓಡುವಾಗ ಪಾದ ನೆಲಕ್ಕೆ ಬಡಿಯುವ ಬಲ ಸಮತಟ್ಟಿಗಿಂತ ಶೇಕಡಾ 54ರಷ್ಟೂ, ಮುಂದಕ್ಕೆ ನುಗ್ಗುವ ದೇಹವನ್ನು ತಡೆಯುವ ಬಲ ಶೇಕಡಾ 73ರಷ್ಟೂ ಹೆಚ್ಚುತ್ತದೆ. ರಸ್ತೆಯ ಓಟಗಾರರು ತಮ್ಮ ಶ್ರಮವನ್ನು ಉಸಿರಿನಿಂದ ಅಳೆಯುವುದನ್ನು ರೂಢಿಸಿಕೊಂಡಿರುತ್ತಾರೆ. ಇಳಿಜಾರಿನಲ್ಲಿ ಆ ಅಳತೆಗೋಲು ಸುಳ್ಳು ಹೇಳುತ್ತದೆ. ಓಟದ ಮೊದಲ ದೊಡ್ಡ ಇಳಿಜಾರಿನಲ್ಲಿ ಹಗುರವಾಗಿ ಹಾರಿಕೊಂಡು ಹೋದವರು ಕೊನೆಯ ಇಳಿಜಾರಿನಲ್ಲಿ ಮರದಿಂದ ಮರಕ್ಕೆ ಕೈಯಾನಿಸಿಕೊಂಡು ಇಳಿಯುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಅವರ ಉಸಿರಿಗೆ ಏನೂ ಆಗಿರುವುದಿಲ್ಲ, ತೊಡೆ ಮಾತ್ರ ಮಾತು ಕೇಳುತ್ತಿರುವುದಿಲ್ಲ.

ಸಮಾಧಾನದ ಸಂಗತಿಯೆಂದರೆ, ಇಳಿಯುವುದನ್ನು ಸ್ನಾಯು ಬಹಳ ಬೇಗ ಕಲಿಯುತ್ತದೆ. ಒಮ್ಮೆ ಇಂಥ ಪೆಟ್ಟು ತಿಂದು ಚೇತರಿಸಿಕೊಂಡ ಸ್ನಾಯು, ಅದೇ ಕೆಲಸವನ್ನು ಕೆಲವು ವಾರಗಳೊಳಗೆ ಮತ್ತೆ ಮಾಡಿದಾಗ ಮೊದಲಿನಷ್ಟು ನೋಯುವುದಿಲ್ಲ; ಕ್ರೀಡಾವಿಜ್ಞಾನದಲ್ಲಿ ಇದು ಚೆನ್ನಾಗಿ ದೃಢಪಟ್ಟಿರುವ ಸಂಗತಿ. ಹಾಗಾಗಿ ಕಳೆದ ವಾರದ ನಿಮ್ಮ ನೋವು ವ್ಯರ್ಥವಾಗಿಲ್ಲ. ಈ ರಕ್ಷಣೆ ಕರಗಿಹೋಗುವ ಮೊದಲೇ ಅದರ ಮೇಲೆ ಮತ್ತೊಂದು ಪದರವನ್ನು ಕಟ್ಟಬೇಕು, ಮತ್ತು ಪ್ರತಿ ಪದರವೂ ತೆಳುವಾಗಿರಬೇಕು. ನೋವು ಪೂರ್ತಿ ಹೋದ ಮೇಲೆ, 200ರಿಂದ 300 ಮೀಟರ್ ಒಟ್ಟು ಇಳಿಜಾರು ಇರುವ ಒಂದು ಸಣ್ಣ ಓಟದಿಂದ ಮತ್ತೆ ಆರಂಭಿಸಿ. ಹತ್ತು ದಿನಗಳಿಗೊಮ್ಮೆಯಾದರೂ ಬೆಟ್ಟಕ್ಕೆ ಹೋಗಿ, ಪ್ರತಿ ಸಲ ಸುಮಾರು 100 ಮೀಟರಿನಷ್ಟು ಹೆಚ್ಚಿಸುತ್ತಾ, ಸ್ಪರ್ಧೆಗೆ ಮೂರು ವಾರ ಇರುವಾಗ ಒಂದೇ ದಿನದಲ್ಲಿ 900ರಿಂದ 1,000 ಮೀಟರ್ ಇಳಿಯುವ ಮಟ್ಟ ತಲುಪಿದರೆ ಸಾಕು. ನಿಮ್ಮ ದಿನಚರಿಯ ಪುಸ್ತಕದಲ್ಲಿ ಓಡಿದ ಕಿಲೋಮೀಟರಿನ ಪಕ್ಕದಲ್ಲಿ ಇಳಿದ ಮೀಟರನ್ನೂ ಬರೆಯಲು ಒಂದು ಸಾಲು ಮಾಡಿಕೊಳ್ಳಿ. ಏರಿದ್ದನ್ನು ಎಲ್ಲರೂ ಬರೆದಿಡುತ್ತಾರೆ, ಇಳಿದದ್ದನ್ನು ಬರೆಯುವವರು ಕಡಿಮೆ.

ಬೆಟ್ಟ ದೂರವಿದ್ದರೆ ವಾರದ ದಿನಗಳಲ್ಲಿ ಮಹಡಿ ಮೆಟ್ಟಿಲುಗಳು ಸಾಕು. ಒಂದು ಮೆಟ್ಟಿಲಿನ ಅಂಚಿನಲ್ಲಿ ಒಂಟಿಕಾಲಿನಲ್ಲಿ ನಿಂತು, ಇನ್ನೊಂದು ಪಾದದ ಹಿಮ್ಮಡಿ ಕೆಳಗಿನ ಮೆಟ್ಟಿಲನ್ನು ಸೋಕುವವರೆಗೆ ಮನಸ್ಸಿನಲ್ಲಿ ಮೂರು ಎಣಿಸುತ್ತಾ ನಿಧಾನವಾಗಿ ಇಳಿದು, ಮತ್ತೆ ಮೇಲೇಳಬೇಕು. ನಿಂತ ಕಾಲಿನ ಮೊಣಕಾಲು ಒಳಕ್ಕೆ ವಾಲದೆ ಪಾದದ ಎರಡನೆಯ ಬೆರಳಿನ ನೇರಕ್ಕಿರುವುದನ್ನು ನೋಡಿಕೊಳ್ಳಿ. ಪ್ರತಿ ಕಾಲಿಗೆ ಹತ್ತರಂತೆ ಮೂರು ಸುತ್ತು, ವಾರಕ್ಕೆ ಎರಡು ದಿನ. ಅದರ ಜೊತೆಗೆ ಬರಿಗಾಲಿನಲ್ಲಿ ಒಂಟಿಕಾಲ ಮೇಲೆ ಒಂದು ನಿಮಿಷ ನಿಲ್ಲುವುದು, ಅದು ಸುಲಭವಾದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು ಪಾದದ ಕೀಲಿಗೆ ಒಳ್ಳೆಯ ತರಬೇತಿ. ಒಮ್ಮೆ ಉಳುಕಿದ ಪಾದ ಮತ್ತೆ ಮತ್ತೆ ಉಳುಕುವುದನ್ನು ಈ ಸಮತೋಲನದ ಅಭ್ಯಾಸ ಕಡಿಮೆ ಮಾಡುತ್ತದೆ.

ಈಗ ನೀವು ಬಿದ್ದ ವಿಷಯಕ್ಕೆ ಬರುತ್ತೇನೆ. ಎಲ್ಲಿ, ಹೇಗೆ ಬಿದ್ದಿರೆಂದು ನೀವು ಬರೆದಿಲ್ಲ, ಆದರೆ ಹೊಸಬರು ಬೀಳುವುದಕ್ಕೆ ಮುಖ್ಯ ಕಾರಣಗಳು ಎರಡೇ: ದೊಡ್ಡ ಹೆಜ್ಜೆ ಮತ್ತು ಕಾಲಬುಡದ ನೋಟ. ಭಯವಾದಾಗ ದೇಹ ಹಿಂದಕ್ಕೆ ವಾಲುತ್ತದೆ, ಪಾದ ಮುಂದಕ್ಕೆ ಚಾಚಿಕೊಳ್ಳುತ್ತದೆ, ಹಿಮ್ಮಡಿ ಬ್ರೇಕಿನಂತೆ ನೆಲಕ್ಕೆ ಒತ್ತುತ್ತದೆ. ನೆಲ ಗಟ್ಟಿಯಾಗಿದ್ದರೆ ಆ ತಡೆಯ ಏಟು ಮೊಣಕಾಲಿಗೆ ಏರುತ್ತದೆ. ಸಡಿಲವಾಗಿದ್ದರೆ ಹಿಮ್ಮಡಿ ಜಾರಿ ನೀವು ಕುಳಿತುಬಿಡುತ್ತೀರಿ. ಇದಕ್ಕೆ ಪರಿಹಾರ ಹೆಜ್ಜೆಯನ್ನು ಚಿಕ್ಕದಾಗಿಸಿ, ಹೆಜ್ಜೆಗಳ ಸಂಖ್ಯೆಯನ್ನು ಹೆಚ್ಚಿಸುವುದು. ಸಮತಟ್ಟಿನಲ್ಲಿ ನಡೆದ ಪ್ರಯೋಗಗಳಲ್ಲೇ, ಅದೇ ವೇಗದಲ್ಲಿ ಹೆಜ್ಜೆಗಳ ಸಂಖ್ಯೆಯನ್ನು ಶೇಕಡಾ 5ರಿಂದ 10ರಷ್ಟು ಹೆಚ್ಚಿಸಿದಾಗ ಮೊಣಕಾಲಿನ ಮೇಲಿನ ಹೊರೆ ಗಮನಾರ್ಹವಾಗಿ ತಗ್ಗಿದ್ದು ಕಂಡುಬಂದಿದೆ. ಪಾದವನ್ನು ಸೊಂಟದ ಕೆಳಗೇ ಊರಿ, ಮೊಣಕಾಲನ್ನು ಎಂದೂ ಪೂರ್ತಿ ನೆಟ್ಟಗಾಗಿಸದೆ, ಕೈಗಳನ್ನು ಅಗಲಕ್ಕೆ ಬಿಟ್ಟು ತೂಕ ಹೊಂದಿಸಿಕೊಳ್ಳುತ್ತಾ ಇಳಿಯಿರಿ. ನೋಡುವವರಿಗೆ ಅದು ಚೆಂದ ಕಾಣದಿರಬಹುದು, ಆದರೆ ಕೈಗಳು ದೇಹಕ್ಕೆ ಅಂಟಿಕೊಂಡಿದ್ದರೆ ಎಡವಿದಾಗ ಸಾವರಿಸಿಕೊಳ್ಳಲು ಉಪಾಯವಿರುವುದಿಲ್ಲ.

ನೋಟದ ವಿಷಯದಲ್ಲಿ, ಕಲ್ಲುಮುಳ್ಳಿನ ಹಾದಿಯಲ್ಲಿ ನಡೆಯುವವರ ಕಣ್ಣಿನ ಚಲನೆಯನ್ನು ದಾಖಲಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬ ಉಪಯುಕ್ತವೆನಿಸಿದೆ. ನೆಲ ಎಷ್ಟೇ ಒರಟಾಗಿದ್ದರೂ, ಜನ ಸರಿಸುಮಾರು ಒಂದೂವರೆ ಸೆಕೆಂಡಿನ ನಂತರ ತಾವು ತಲುಪಲಿರುವ ಜಾಗವನ್ನು ನೋಡುತ್ತಿದ್ದರು. ಈಗ ಇಡುತ್ತಿರುವ ಹೆಜ್ಜೆಯನ್ನಲ್ಲ. ಓಡುವವರಿಗೆ ಇದರಿಂದ ಒಂದು ನಿಯಮ ಹುಟ್ಟುತ್ತದೆ: ವೇಗ ಹೆಚ್ಚಿದಂತೆ ನೋಟ ದೂರ ಹೋಗಬೇಕು, ಮತ್ತು ಅಷ್ಟು ದೂರದ ನೆಲ ಕಣ್ಣಿಗೆ ಬೀಳದಿದ್ದರೆ, ಅದು ತಿರುವಿನಿಂದಾಗಿರಲಿ, ಮಂಜಿನಿಂದಾಗಿರಲಿ, ಪೊದೆಯಿಂದಾಗಿರಲಿ, ವೇಗವನ್ನೇ ಇಳಿಸಬೇಕು. ಮರಗಳ ನಡುವೆ ಬಿಸಿಲು ನೆರಳು ಚುಕ್ಕೆಚುಕ್ಕೆಯಾಗಿ ಬಿದ್ದಿರುವ ಹಾದಿ ಈ ವಿಷಯದಲ್ಲಿ ತುಂಬ ಕಷ್ಟಕೊಡುತ್ತದೆ. ಕಲ್ಲಿನ ಅಂಚು ಯಾವುದು, ನೆರಳಿನ ಅಂಚು ಯಾವುದು ಎಂದು ಕಣ್ಣಿಗೆ ಬೇಗ ತಿಳಿಯುವುದಿಲ್ಲ. ಕಡು ಬಣ್ಣದ ತಂಪು ಕನ್ನಡಕವನ್ನು ಕಾಡಿನೊಳಗೆ ಹಾಕಿಕೊಳ್ಳಬೇಡಿ.

ಕಾಡಿನ ನೆಲದಲ್ಲಿ ಎರಡು ಸಂಗತಿಗಳನ್ನು ಓಡುವ ಮೊದಲು ನಿಂತು, ಕೈಯಿಂದ ಮುಟ್ಟಿ ತಿಳಿದುಕೊಳ್ಳುವುದು ಒಳ್ಳೆಯದು. ಒಂದು, ತರಗೆಲೆ. ಹಾದಿಯ ಮೇಲೆ ಮೊಣಕಾಲೂರಿ, ತರಗೆಲೆಯ ರಾಶಿಯೊಳಗೆ ಕೈಯನ್ನು ತೂರಿಸಿ ನೋಡಿ. ಮೇಲಿನ ಪದರ ಒಣಗಿ ಗರಿಗರಿಯಾಗಿರುತ್ತದೆ. ಅದರ ಕೆಳಗೆ ಒಂದಕ್ಕೊಂದು ಅಂಟಿಕೊಂಡ, ತೇವವಾದ ಕಪ್ಪು ಎಲೆಗಳ ಪದರ ಸಿಗುತ್ತದೆ. ಬೆರಳಿನಿಂದ ತಳ್ಳಿದರೆ ಅದು ಒಟ್ಟಾಗಿ ಜಾರುತ್ತದೆ. ಅದರ ಅಡಿಯಲ್ಲಿ ನೆಲಕ್ಕೆ ಕಚ್ಚಿಕೊಳ್ಳದ ಸಡಿಲ ಕಲ್ಲುಗಳು. ನೀವು ಕಣ್ಣಿನಿಂದ ಕಾಣುವುದು ಮೊದಲ ಪದರವನ್ನು, ನಿಮ್ಮ ಪಾದ ನಿಲ್ಲುವುದು ಮೂರನೆಯದರ ಮೇಲೆ. ಎರಡನೆಯದು, ಒದ್ದೆಯಾದ ಬೇರು. ಹಾದಿಗೆ ಓರೆಯಾಗಿ ಅಡ್ಡಬಿದ್ದ ಬೇರಿನ ತೊಗಟೆಯು ನೂರಾರು ಪಾದಗಳ ಉಜ್ಜುವಿಕೆಯಿಂದ ಸವೆದು ನುಣುಪಾಗಿರುತ್ತದೆ, ಅದರ ಮೇಲೆ ತೆಳುವಾದ ಪಾಚಿಯೂ ಇರಬಹುದು. ಅದರ ಮೇಲೆ ಪಾದವಿಟ್ಟರೆ, ಪಾದ ನೀವು ಹೋಗುತ್ತಿರುವ ದಿಕ್ಕಿಗೆ ಜಾರುವುದಿಲ್ಲ; ಬೇರು ವಾಲಿರುವ ದಿಕ್ಕಿಗೆ, ಅಂದರೆ ಹಾದಿಯ ಹೊರಬದಿಗೆ ಜಾರುತ್ತದೆ. ದೇಹಕ್ಕೆ ಅದು ತಿಳಿಯುವಷ್ಟರಲ್ಲಿ ಪಾದ ಹೋಗಿಯಾಗಿರುತ್ತದೆ. ಬೇರನ್ನು ದಾಟಿ ಅದರಾಚೆಯ ಮಣ್ಣಿನಲ್ಲಿ ಹೆಜ್ಜೆಯಿಡುವುದು ಸರಿಯಾದ ದಾರಿ. ಬೇರೆ ಜಾಗವೇ ಇಲ್ಲದಿದ್ದರೆ ಅಂಗಾಲನ್ನು ಪೂರ್ತಿ ಚಪ್ಪಟೆಯಾಗಿ ಇಟ್ಟು, ಅಲ್ಲಿ ತಳ್ಳದೆ, ತಡೆಯದೆ, ತಿರುಗದೆ ಹಗುರವಾಗಿ ದಾಟಿಬಿಡಬೇಕು. ವೇಗ ಹೆಚ್ಚಿಸುವುದು, ತಗ್ಗಿಸುವುದು ಎಲ್ಲವೂ ಮಣ್ಣಿನ ಮೇಲೆಯೇ ಆಗಲಿ.

ಏರಿನ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಕಡಿದಾದ ಏರಿನಲ್ಲಿ ನಡೆಯುವುದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಬೆಟ್ಟದೋಟದ ಅನುಭವಿಗಳನ್ನೇ ಟ್ರೆಡ್‌ಮಿಲ್ ಮೇಲೆ ಪರೀಕ್ಷಿಸಿದ 2016ರ ಒಂದು ಅಧ್ಯಯನದಲ್ಲಿ, ಒಂದೇ ಪ್ರಮಾಣದಲ್ಲಿ ಎತ್ತರ ಏರುತ್ತಿರುವಾಗ, ಸುಮಾರು 16 ಡಿಗ್ರಿಗಿಂತ ಹೆಚ್ಚು ಕಡಿದಾದ ಏರಿನಲ್ಲಿ ಓಡುವುದಕ್ಕಿಂತ ನಡೆಯುವುದಕ್ಕೇ ಕಡಿಮೆ ಶಕ್ತಿ ಸಾಕಾಯಿತು. ಅಂಗೈಗಳನ್ನು ತೊಡೆಗಳ ಮೇಲೆ ಒತ್ತಿ, ಚಿಕ್ಕ ಹೆಜ್ಜೆಗಳಲ್ಲಿ, ಒಂದೇ ಲಯದಲ್ಲಿ ಹತ್ತಿ. ತುದಿ ತಲುಪಿದ ಮೇಲೆ ಒಂದೆರಡು ನಿಮಿಷ ನಿಧಾನವಾಗಿ ಓಡಿ ಕಾಲಿಗೆ ಹಿಡಿತ ಬಂದ ನಂತರವೇ ಇಳಿಯಲು ಆರಂಭಿಸಿ. ಏರಿನ ದಣಿವನ್ನು ಹೊತ್ತುಕೊಂಡೇ ಇಳಿಜಾರಿಗೆ ನುಗ್ಗುವವರೇ ಹೆಚ್ಚಾಗಿ ಬೀಳುತ್ತಾರೆ.

ಎಷ್ಟು ಹೊತ್ತಿನ ಓಟಕ್ಕೆ ಸಿದ್ಧವಾಗಬೇಕು ಎಂಬುದನ್ನೂ ರಸ್ತೆಯ ಲೆಕ್ಕದಲ್ಲಿ ನೋಡಬೇಡಿ. ಅಂತರರಾಷ್ಟ್ರೀಯ ಟ್ರೇಲ್ ಓಟ ಸಂಘವು ಹಾದಿಯ ಕಷ್ಟವನ್ನು ಅಳೆಯಲು ಪ್ರತಿ 100 ಮೀಟರ್ ಏರನ್ನು ಒಂದು ಕಿಲೋಮೀಟರಿಗೆ ಸಮವೆಂದು ಎಣಿಸುತ್ತದೆ. ಹಾಗೆ ಲೆಕ್ಕ ಹಾಕಿದರೆ ನಿಮ್ಮ 25 ಕಿ.ಮೀ. ಓಟವು 37 ಕಿ.ಮೀ. ಓಟವಾಗುತ್ತದೆ. ಇನ್ನೂ ಹಳೆಯ ಲೆಕ್ಕವೊಂದಿದೆ: ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಸೂಚಿಸಿದ ನಿಯಮದಂತೆ, ಸುಮಾರು 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಸುಮಾರು 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರ ಪ್ರಕಾರ ನಿಮ್ಮ ಹಾದಿಯನ್ನು ನಡೆದು ಮುಗಿಸಲು ಏಳು ಗಂಟೆ ಬೇಕು. ನಿಮ್ಮ ಈಗಿನ ಸಾಮರ್ಥ್ಯ ನೋಡಿದರೆ ನಾಲ್ಕೂವರೆಯಿಂದ ಐದೂವರೆ ಗಂಟೆಯೊಳಗೆ ಮುಗಿಸಬಹುದೆಂದು ನನ್ನ ಅಂದಾಜು. ಅಷ್ಟು ಹೊತ್ತಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ದೇಹಕ್ಕೆ ಬೇಕಾಗುತ್ತದೆ, ಅದನ್ನು ಹಸಿವಾಗುವ ಮೊದಲೇ ಸ್ವಲ್ಪಸ್ವಲ್ಪವಾಗಿ ತಿನ್ನುವುದನ್ನು ಅಭ್ಯಾಸದ ಓಟಗಳಲ್ಲಿಯೇ ರೂಢಿಸಿಕೊಳ್ಳಿ. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಬಾಯಾರಿಕೆ ಇಲ್ಲದಿದ್ದರೂ ಬಲವಂತವಾಗಿ ಕುಡಿಯುತ್ತಾ ಹೋದರೆ ರಕ್ತದಲ್ಲಿನ ಸೋಡಿಯಂ ಪ್ರಮಾಣ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಕೈಗಡಿಯಾರ ತೋರಿಸುವ ವೇಗವನ್ನು ಕಾಡಿನಲ್ಲಿ ನಂಬಬೇಡಿ. ದಟ್ಟವಾದ ಎಲೆಚಾವಣಿ ಮತ್ತು ಬೆಟ್ಟದ ಗೋಡೆಗಳು ಜಿಪಿಎಸ್ ಸಂಕೇತವನ್ನು ಕುಗ್ಗಿಸಿ ಅಡ್ಡಾದಿಡ್ಡಿಯಾಗಿಸುತ್ತವೆ.

ಶೂ ವಿಷಯದಲ್ಲಿ, ದಪ್ಪ ಮೆತ್ತೆ ನಿಮ್ಮ ತೊಡೆನೋವಿಗೆ ಮದ್ದಲ್ಲ, ಏಕೆಂದರೆ ನೋವು ಹುಟ್ಟಿದ್ದು ಸ್ನಾಯು ಹಿಗ್ಗಿದ್ದರಿಂದ. ತೀರ ಎತ್ತರದ ಅಟ್ಟೆಯಿದ್ದರೆ ಓರೆ ನೆಲದಲ್ಲಿ ಪಾದ ಹೊರಳುವ ಅಪಾಯವೂ ಹೆಚ್ಚು ಎಂಬುದು ನನ್ನ ಅನುಭವ. ಅಟ್ಟೆಯ ಹಲ್ಲುಗಳು ಸುಮಾರು 4ರಿಂದ 5 ಮಿಲಿಮೀಟರ್ ಇರುವ, ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿಯುವ, ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರುವ ಟ್ರೇಲ್ ಶೂ ಸಾಕು. ಲೇಸ್ ಕಟ್ಟುವ ಕ್ರಮ ಬೆಲೆಗಿಂತ ಮುಖ್ಯ. ಬಹುತೇಕ ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ, ಹಿಂದಕ್ಕೆ ಸರಿದಂತೆ, ಒಂದು ಹೆಚ್ಚುವರಿ ತೂತು ಇರುತ್ತದೆ. ಲೇಸನ್ನು ಕೊನೆಯ ಎರಡು ತೂತುಗಳ ನಡುವೆ ಅದೇ ಬದಿಯಲ್ಲಿ ಪೋಣಿಸಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಕೆಳಮುಖವಾಗಿ ಎಳೆದು ಕಟ್ಟಿದರೆ, ಹಿಮ್ಮಡಿ ಅಲುಗುವುದಿಲ್ಲ, ಪಾದ ಮುಂದಕ್ಕೆ ಜಾರಿ ಬೆರಳುಗಳು ಶೂವಿನ ಮೂತಿಗೆ ಬಡಿಯುವುದಿಲ್ಲ. ಇಳಿಜಾರಿನ ನಂತರ ಉಗುರು ಕಪ್ಪಾಗುವುದು ಈ ಒಂದು ಕಟ್ಟಿನಿಂದಲೇ ಬಹುಪಾಲು ತಪ್ಪುತ್ತದೆ.

ಒಬ್ಬರೇ ಹೋಗಬಹುದೇ ಎಂದು ಕೇಳಿದ್ದೀರಿ. ಇಳಿಯುವಾಗ ಬೀಳುತ್ತಿರುವಷ್ಟು ಕಾಲ ಬೇಡ. ಕಾಡಿನಲ್ಲಿ ಉಳುಕಿದ ಪಾದ ಅಷ್ಟೇನೂ ದೊಡ್ಡ ಗಾಯವಲ್ಲ, ಆದರೆ ಅದರ ನಂತರದ ಎರಡು ಗಂಟೆ ದೊಡ್ಡದು. ಓಡುವುದು ನಿಂತ ಕೂಡಲೇ ದೇಹ ಶಾಖ ಹುಟ್ಟಿಸುವುದನ್ನು ಕಡಿಮೆ ಮಾಡುತ್ತದೆ, ಬಟ್ಟೆ ಬೆವರಿನಿಂದ ತೊಯ್ದಿರುತ್ತದೆ, ಎತ್ತರಕ್ಕೆ ಹೋದಂತೆ ಪ್ರತಿ 1,000 ಮೀಟರಿಗೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿದಿರುತ್ತದೆ. ಆದ್ದರಿಂದ ಎಷ್ಟೇ ಸಣ್ಣ ಓಟವಾದರೂ ಮಳೆತಡೆಯುವ ತೆಳು ಜಾಕೆಟ್, ಮಡಚಿದರೆ ಅಂಗೈಯಗಲವಾಗುವ ಬೆಳ್ಳಿಬಣ್ಣದ ತುರ್ತು ಹೊದಿಕೆ, ತಲೆಗೆ ಕಟ್ಟುವ ದೀಪ, ಚಾರ್ಜ್ ಇರುವ ಫೋನ್, ಸೀಟಿ ಇವು ಬೆನ್ನಚೀಲದಲ್ಲಿರಲಿ. ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಬೆಟ್ಟಗಳಲ್ಲಿ ಬಳಕೆಯಲ್ಲಿರುವ ಸಹಾಯದ ಕರೆ; ಮೂರು ಸಲದ ಸೀಟಿ ಅದಕ್ಕೆ ಉತ್ತರ. ಯಾವ ಹಾದಿಯಲ್ಲಿ ಹೋಗುತ್ತೀರಿ, ಎಷ್ಟು ಗಂಟೆಗೆ ಮರಳುತ್ತೀರಿ, ಎಷ್ಟು ಗಂಟೆಯ ನಂತರ ಹುಡುಕಲು ಆರಂಭಿಸಬೇಕು ಎಂಬುದನ್ನು ಮನೆಯವರಿಗೆ ಬರೆದುಕೊಟ್ಟು ಹೋಗಿ. ಬಯಲಿನಲ್ಲಿ ಇನ್ನೂ ಬೆಳಕಿರುವಾಗಲೇ ಮರಗಳಡಿ ಕತ್ತಲಾಗುವುದರಿಂದ, ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮೊದಲೇ ಕಾಡಿನಿಂದ ಹೊರಗಿರುವಂತೆ ಯೋಜಿಸಿಕೊಳ್ಳಿ. ಕಾಡುಪ್ರಾಣಿಗಳಿರುವಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ಮುಚ್ಚಿದ ಹಾದಿಯಲ್ಲಿ, ಮುಂಜಾವು ಮುಸ್ಸಂಜೆಗಳಲ್ಲಿ ಓಡಲೇಬೇಡಿ. ಕಿವಿಗೆ ಇಯರ್‌ಫೋನ್ ಬೇಡ. ಕುರುಡು ತಿರುವುಗಳಲ್ಲಿ ಮಾತಾಡುತ್ತಾ, ನಡೆದುಕೊಂಡು ಹೋಗಿ. ಇಳಿಜಾರಿನ ತಿರುವುಗಳನ್ನು ಕತ್ತರಿಸಿ ಒಳದಾರಿ ಹಿಡಿಯುವುದನ್ನೂ ಬಿಡಬೇಕು, ಏಕೆಂದರೆ ಹಾಗೆ ತುಳಿದ ನೇರದಾರಿಯಲ್ಲಿ ಮುಂದಿನ ಮಳೆಯ ನೀರು ಹರಿದು ಇಡೀ ಹಾದಿಯೇ ಕೊಚ್ಚಿಹೋಗುತ್ತದೆ.

ಸ್ಪರ್ಧೆಗೆ ಮುಂಚಿನ ಕೊನೆಯ ದೊಡ್ಡ ಇಳಿಜಾರು ಕನಿಷ್ಠ ಹತ್ತು ದಿನ ಹಿಂದೆಯೇ ಮುಗಿದಿರಲಿ; ಸ್ನಾಯು ಪೂರ್ತಿ ಚೇತರಿಸಿಕೊಳ್ಳಲು ಅಷ್ಟು ಸಮಯ ಬೇಕು, ಮತ್ತು ಅಷ್ಟು ದಿನಗಳಲ್ಲಿ ಅದು ಕಲಿತದ್ದನ್ನು ಮರೆಯುವುದಿಲ್ಲ. ಸ್ಪರ್ಧೆಯ ದಿನ ಮೊದಲ ಇಳಿಜಾರಿನಲ್ಲಿ ನಿಮ್ಮನ್ನು ದಾಟಿ ಹೋಗುವವರಿಗೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಕೊನೆಯ ಏರಿನ ತುದಿಯಲ್ಲಿ ಅರ್ಧ ನಿಮಿಷ ನಿಂತು ಲೇಸನ್ನು ಮತ್ತೊಮ್ಮೆ ಬಿಗಿಮಾಡಿ, ಒಂದು ತುತ್ತು ತಿಂದು, ಆಮೇಲೆ ಇಳಿಯಲು ಆರಂಭಿಸಿ. ತೊಡೆಯಲ್ಲಿ ಶಕ್ತಿ ಉಳಿದಿದ್ದರೆ ಅದನ್ನು ಖರ್ಚುಮಾಡಬೇಕಾದ ಜಾಗ ಅದು.